ಹಿನ್ನೆಲೆಯ ಗದ್ದಲ

"ಪಿಟೀಲಿದೆ, ಕೊಳಲಿದೆ, ಡ್ರಮ್ ಇದೆ, ಬಾಯಲ್ಲಿ ಊದೋ ಪೀಪಿ ಕೂಡ ಇದೆ. ಬಟ್ಟೆ ಒತ್ತೋ ಪ್ರೆಸ್ ಅಂತ ಎಲ್ಲೂ ಇಲ್ಲ ಅತ್ತಿಗೆ," ಎಂದಳು ಚಿಕ್ಕಿ, ಹಾಡು ಕಳಿಸುವ ಫಾರಮ್ಮಿನ ವಾದ್ಯಗಳ ಪಟ್ಟಿಯನ್ನು ಫೋನಿನ ಪರದೆಯಲ್ಲಿ ಹೆಬ್ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತ.

"ಇನ್ನೂ ಕೆಳಗೆ ನೋಡೇ. ಕೊನೇಲಿ ಇರತ್ತೆ. ನಮ್ಮಂಥೋರನ್ನ ಕೊನೇಲಿ ತಾನೇ ಬರೆಯೋದು."

"ಕೊನೇಲಿ ‘ಇತರೆ’ ಅಂತಿದೆ."

"ಹಾಂ, ಅದೇ ನಾನು. ಒತ್ತು ಮತ್ತೆ."

ಹಾಗೆಂದು ಅತ್ತಿಗೆ ತಾನೂ ಪ್ರೆಸ್ ಒತ್ತಿದಳು. ಮೇಲಿನ ಹಲಗೆ ಯಾರದೋ ಪ್ಯಾಂಟಿನ ಮೇಲೆ ಧಪ್ಪೆಂದು ಕೂತಿತು, ಕಾಲಡಿಯ ಪೆಡಲ್ ತುಳಿದಾಗ ಉಸ್ಸೆಂದು ಹಬೆ ಹೊರಟಿತು, ಹಿಡಿ ಬಿಟ್ಟಾಗ ಟಕ್ಕೆಂದಿತು. ಬೆಳಗಿನಿಂದ ಸಂಜೆಯವರೆಗೆ ಈ ಲಾಂಡ್ರಿಯಲ್ಲಿ ಇದೇ ಸದ್ದು. ಮುಂದೆ ಕೌಂಟರು, ನಡುವೆ ಹ್ಯಾಂಗರುಗಳ ಸಾಲು, ಹಿಂದೆ ಬಾಯ್ಲರು ಮತ್ತು ಪ್ರೆಸ್ಸು. ಕೌಂಟರಿನಲ್ಲಿ ಚಿಕ್ಕಿ, ಪ್ರೆಸ್ಸಿನಲ್ಲಿ ಅತ್ತಿಗೆ, ಬಟ್ಟೆ ತಂದು ಮುಟ್ಟಿಸುವ ವ್ಯಾನಿನಲ್ಲಿ ಅತ್ತಿಗೆಯ ಗಂಡ, ಅಂದರೆ ಚಿಕ್ಕಿಯ ಅಣ್ಣ. ಅಂಗಡಿ ಮೂವರದು, ಮನೆಯೂ ಮೂವರದು. ಜಗಳವೂ ಮೂವರದೇ, ಹೊರಗಿನವರಿಗೆ ಅದರಲ್ಲಿ ಪಾಲಿರಲಿಲ್ಲ.

ಚಿಕ್ಕಿಗೆ ವಯಸ್ಸು ಮೂವತ್ತು ದಾಟಿತ್ತು. ಮದುವೆ ಯಾಕಾಗಲಿಲ್ಲ ಎಂದು ಕೇಳಬೇಡಿ, ಕೇಳಿದವರಿಗೆಲ್ಲ ಅವಳು ಒಂದೊಂದು ಕಾರಣ ಹೇಳಿ ಸಾಗಹಾಕಿದ್ದಾಳೆ. ಅವಳಿಗಿದ್ದದ್ದು ಒಂದು ಗಿಟಾರು ಮತ್ತು ಹಾಡು ಕಟ್ಟುವ ಹುಚ್ಚು. ವರ್ಷಗಟ್ಟಲೆ ಒಬ್ಬಳೇ ಕೂತು ಹಾಡು ಕಟ್ಟಿ, ಒಬ್ಬಳೇ ಹಾಡಿ, ಇಂಟರ್ನೆಟ್ಟಿನಲ್ಲಿ ಸಿಕ್ಕ ಸಿಕ್ಕ ಕಡೆ ಹಾಕಿದ್ದಳು. ಕೇಳಿದವರು ಅಣ್ಣ, ಅತ್ತಿಗೆ, ಮತ್ತೆ ಕೈತಪ್ಪಿ ಒತ್ತಿದ ಯಾರೋ ಪುಣ್ಯಾತ್ಮರು. ಆ ಪುಣ್ಯಾತ್ಮರೂ ಅರ್ಧಕ್ಕೇ ಎದ್ದು ಹೋದರು ಎಂಬುದನ್ನು ಜಾಲತಾಣದವರು ಗೆರೆ ಎಳೆದು ಬೇರೆ ತೋರಿಸುತ್ತಿದ್ದರು. ಯಾರಿಗೆ ಬೇಕಿತ್ತು ಅಷ್ಟೊಂದು ಪ್ರಾಮಾಣಿಕತೆ!

ಆಮೇಲೆ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವಳು ಸ್ಟೂಲಿನ ಮೇಲೆ ಕೂತು ಹೊಸದೊಂದನ್ನು ಗುನುಗುತ್ತಿದ್ದಾಗ ಹಿಂದಿನಿಂದ ಪ್ರೆಸ್ಸು ಜೊತೆಗೆ ಸೇರಿಕೊಂಡಿತು. ಏನೋ ಆಕಸ್ಮಿಕ ಅಂದುಕೊಂಡಳು. ಬೇಕೆಂದೇ ನಿಧಾನ ಮಾಡಿದಳು, ಪ್ರೆಸ್ಸೂ ನಿಧಾನವಾಯಿತು. ಸಾಲು ಮುಗಿಸಿ ಅವಳು ಉಸಿರೆಳೆದುಕೊಳ್ಳುವಾಗ ಅಲ್ಲಿ ಉಸ್ಸೆಂದು ಉದ್ದನೆಯ ಹಬೆ ಬಂತು, ಮುಂದಿನ ಸಾಲು ಎತ್ತಲು ಸರಿಯಾಗಿ ಟಕ್ಕೆಂದಿತು. ತಿರುಗಿ ನೋಡಿದರೆ ಅತ್ತಿಗೆ ಏನೂ ಅರಿಯದವಳ ಹಾಗೆ ಬೆಡ್‌ಷೀಟು ಮಡಿಸುತ್ತಿದ್ದಳು.

"ಬೇಕೂಂತ ಮಾಡಿದ್ರಾ?"

"ಏನು ಮಾಡ್ದೆ? ಕೆಲಸ ಮಾಡ್ತಿದ್ದೆ," ಎಂದಳು ಅತ್ತಿಗೆ. ಆದರೆ ಮುಖದ ತುಂಬ ನಗು ತುಂಬಿಕೊಂಡಿತ್ತು.

ಆ ಹಾಡು ಲಾಂಡ್ರಿಗೆ ಕೊಟ್ಟು ಯಾರೂ ಒಯ್ಯದೆ ಉಳಿದ ಕೋಟಿನದು. ‘ತೋಳಿದೆ, ಕೈಯಿಲ್ಲ, ಗುಂಡಿಯಿದೆ, ಎದೆಯಿಲ್ಲ’ ಎಂದು ಶುರುವಾಗುತ್ತಿತ್ತು. ಅತ್ತಿಗೆಗೆ ಹಾಡಲು ಬರುತ್ತಿರಲಿಲ್ಲ. "ನನ್ನ ಗಂಟಲು ಕೇಳಿದ್ರೆ ಬಂದ ಗಿರಾಕಿ ಒದ್ದೆ ಬಟ್ಟೇನೇ ಹೊತ್ಕೊಂಡು ಓಡ್ತಾರೆ," ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಆದರೆ ಪ್ರೆಸ್ಸಿನ ವಿಷಯದಲ್ಲಿ ಮಹಾ ಹಟ. ಬರೀ ಹಲಗೆ ಒತ್ತಿದರೆ ಸದ್ದು ಬೋಳಾಗುತ್ತದೆಂದು ರೆಕಾರ್ಡಿಂಗಿನ ದಿನ ಹಳೆಯ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆ ಕೊಡುವ ಮೈಕಿನವನು ಒಂದು ಒಳ್ಳೆಯ ಮೈಕು ತಂದು ಹ್ಯಾಂಗರಿನ ಸರಳಿಗೆ ಕಟ್ಟಿಕೊಟ್ಟ. ಹಗಲೆಲ್ಲ ಕಂಬಳಿಯನ್ನು ಒತ್ತಿ ಒತ್ತಿ ಅತ್ತಿಗೆಯ ರಟ್ಟೆ ಬಿದ್ದುಹೋಯಿತು. ಸಂಜೆ ಎಣ್ಣೆ ತಿಕ್ಕಿಕೊಳ್ಳುತ್ತ, "ನಾಳೆ ಇನ್ನೊಂದ್ಸಲ ಮಾಡೋಣ್ವಾ?" ಎಂದು ಕೇಳಿದಳು.

ಹಾಡಾಯಿತು. ಹಾಕುವುದೆಲ್ಲಿ ಎಂಬ ಪ್ರಶ್ನೆ ಬಂತು. ಇದು ಊಟಕ್ಕೆ ಕೂತಾಗ ಎದ್ದ ಪ್ರಶ್ನೆ, ಹಾಗಾಗಿ ಅಣ್ಣನೂ ಬಾಯಿ ಹಾಕಿದ. ಚಿಕ್ಕಿ ವಿವರಿಸಿದ್ದನ್ನೆಲ್ಲ ಕೇಳಿ ಅವನು ತನಗೆ ತಿಳಿದಂತೆ ಹೆಸರಿಟ್ಟ.

"ಅಂದ್ರೆ ಈ ವಿಡಿಯೋದ ಜಾಗ ಬಸ್‌ಸ್ಟ್ಯಾಂಡ್ ಇದ್ದ ಹಾಗೆ. ಪುಕ್ಕಟೆ. ಎಲ್ರೂ ಬರ್ತಾರೆ, ಹಾಡ್ತಾ ಇದ್ರೆ ಮಧ್ಯೆ ಸೋಪು ಮಾರೋನು ಬಂದು ಕೂಗ್ತಾನೆ. ಆ ತಿಂಗಳ ಚಂದಾ ಕಟ್ಟಿ ಕೇಳೋದು ಇದೆಯಲ್ಲ, ಅದು ಮಾಲ್. ತಳಕು ಬಳಕು ಜಾಸ್ತಿ, ಸೆಕ್ಯೂರಿಟಿಯೋನು ಒಳಗೆ ಬಿಟ್ರೆ ಉಂಟು. ಇನ್ನೊಂದು ಹೇಳ್ದೆಯಲ್ಲ, ಕೇಳೋರು ನೇರವಾಗಿ ಹಾಡಿದೋರ ಹತ್ರಾನೇ ಹಾಡು ತಗೊಳ್ಳೋದು?"

"ಅದು ಮೂಲೆ ಅಂಗಡಿ," ಎಂದಳು ಅತ್ತಿಗೆ. "ಬರೋರು ನಾಲ್ಕೇ ಜನ. ಆದ್ರೆ ಹೆಸರು ಹಿಡಿದು ಮಾತಾಡಿಸ್ತಾರೆ."

"ಹಾಗಾದ್ರೆ ಮೂಲೆ ಅಂಗಡಿಗೇ ಹಾಕು ಚಿಕ್ಕಿ. ನಮ್ದೂ ಅದೇ ತಾನೇ."

"ಸುಮ್ನಿರಿ ನೀವು," ಎಂದು ಅತ್ತಿಗೆ ಗಂಡನ ತಟ್ಟೆಗೆ ಸೌಟು ಕುಕ್ಕಿದಳು. "ನಮ್ಮಕ್ಕನ ಮನೇಲಿ ಇರೋದು ಆ ಮಾಲೇ. ಅವಳ ಮನೇಲಿ ಹಾಡು ಟಿವಿಯಲ್ಲೇ ಬರತ್ತೆ. ಮಾಲಿಗೇ ಹಾಕೇ ಚಿಕ್ಕಿ. ಒಂದ್ಸಲ ಅವಳ ಮನೇಲಿ ಎಲ್ರೂ ಕೂತು ಕೇಳ್ಬೇಕು, ಅಷ್ಟೇ ನನಗೆ."

ಅತ್ತಿಗೆಯ ಅಕ್ಕ ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳ ಮನೆಯಲ್ಲಿ ಇವಳನ್ನು ಹೊಗಳುವುದಿದ್ದರೆ ‘ಕೆಲಸಕ್ಕೆ ಗಟ್ಟಿ’ ಎನ್ನುತ್ತಿದ್ದರು. ಮಾತು ಒಳ್ಳೆಯದೇ, ಆದರೆ ಮದುವೆಯಾದಾಗಿನಿಂದ ಅದೊಂದನ್ನೇ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಮಾಲಿಗೇ ಹಾಕುವುದೆಂದು ತೀರ್ಮಾನವಾಯಿತು.

ಮಾಲಿಗೆ ಯಾರೂ ನೇರವಾಗಿ ಹೋಗುವಂತಿಲ್ಲ. ನಡುವೆ ಹಾಡುಗಳನ್ನು ಪಡೆದು ಅಲ್ಲಿಗೆ ತಲುಪಿಸುವ ಒಂದು ಕಂಪನಿ. ಅವರ ಫಾರಮ್ಮಿನಲ್ಲಿ ‘ಇತರೆ’ ಒತ್ತಿ ಚಿಕ್ಕಿ ಕಳಿಸಿದ ಹಾಡು ಎರಡೇ ದಿನಕ್ಕೆ ವಾಪಸು ಬಂತು. ‘ಹಿನ್ನೆಲೆಯ ಗದ್ದಲ ಅತಿಯಾಗಿದೆ. ಸ್ವೀಕರಿಸಲಾಗದು. ಶುಚಿಗೊಳಿಸಲು ಇಲ್ಲಿ ಒತ್ತಿ.’

ಆಗ ಕೌಂಟರಿನ ಮುಂದೆ ಒಬ್ಬ ಹೆಂಗಸು ಒಗೆತಕ್ಕೆ ಕುಗ್ಗಿದ ಸ್ವೆಟರೊಂದನ್ನು ಎರಡು ಕೈಯಲ್ಲಿ ಹಿಡಿದು, "ಇದು ನನಗೆ ಹಿಡಿಸತ್ತೇನ್ರೀ? ನನ್ನ ಮೊಮ್ಮಗಳಿಗೂ ಹಿಡಿಸಲ್ಲ ಇದು," ಎಂದು ಕೂಗಾಡುತ್ತಿದ್ದಳು. ಬೀದಿಯ ಹಾರನ್ನು ಎಲ್ಲೋ ಸೇರಿಕೊಂಡಿರಬೇಕು, ತೆಗೆದರೆ ಒಳ್ಳೆಯದೇ ಎಂದುಕೊಂಡಳು ಚಿಕ್ಕಿ. ಶುಚಿ ಮಾಡಿಕೊಡುತ್ತೇವೆ ಅಂದರೆ ಲಾಂಡ್ರಿಯವರು ಬೇಡ ಎನ್ನುತ್ತಾರೆಯೇ? ಒತ್ತಿಬಿಟ್ಟಳು.

ಸ್ವಲ್ಪ ಹೊತ್ತಿಗೇ ಶುಚಿಯಾದ ಹಾಡು ಬಂತು. ಕೇಳಿ ಒಪ್ಪಿಗೆ ಕೊಡಿ ಎಂದಿತ್ತು. ಕೌಂಟರಿನಲ್ಲಿ ಕೂತವರಿಗೆ ಎರಡೂ ಕಿವಿ ಮುಚ್ಚಿಕೊಳ್ಳುವ ಭಾಗ್ಯ ಎಲ್ಲಿಯದು? ಒಂದು ಕಿವಿಯನ್ನು ಸ್ವೆಟರಿನ ಹೆಂಗಸಿಗೆ ಬಿಟ್ಟು, ಇನ್ನೊಂದಕ್ಕೆ ಇಯರ್‌ಫೋನು ತುರುಕಿಕೊಂಡಳು. ಹಾಡು ಬಂತು, ಗಿಟಾರು ಬಂತು, ಧಪ್ ಬಂತು, ಉಸ್ ಬಂತು. ಎಲ್ಲ ಇದ್ದ ಹಾಗೇ ಇದೆ, ಇನ್ನೂ ಹೊಳಪಾಗಿದೆ ಅನ್ನಿಸಿತು. ಒಪ್ಪಿಗೆ ಕೊಟ್ಟಳು. ಹಿಂದೆ ಅತ್ತಿಗೆ ಆ ಹೊತ್ತಿನಲ್ಲಿ ಯಾವುದೋ ಹೋಟೆಲಿನ ಮೇಜುಬಟ್ಟೆಗಳ ರಾಶಿಯನ್ನು, ತನ್ನ ಯಾವತ್ತಿನ ಗತಿಯಲ್ಲಿ, ಒತ್ತುತ್ತಲೇ ಇದ್ದಳು.

ಹಾಡು ಮಾಲಿನ ಒಳಗೆ ಹೋಯಿತು. ಮೊದಲ ವಾರ ಯಾವತ್ತಿನ ಪುಣ್ಯಾತ್ಮರು. ಎರಡನೆಯ ವಾರ, ‘ಮನಸ್ಸು ತಿಳಿಯಾಗಲು’ ಎಂಬ ಹೆಸರಿನ ಭಾರಿ ಪ್ಲೇಲಿಸ್ಟೊಂದನ್ನು ನಡೆಸುವವರು ಯಾರೋ ಇದನ್ನು ಎತ್ತಿ ಅದರೊಳಗೆ ಸೇರಿಸಿಕೊಂಡರು. ಆಮೇಲೆ ನೋಡಬೇಕಿತ್ತು. ನೂರು ಅನ್ನುವಷ್ಟರಲ್ಲಿ ಸಾವಿರ, ಸಾವಿರ ಅನ್ನುವಷ್ಟರಲ್ಲಿ ಹತ್ತಾರು ಸಾವಿರ. ಚಿಕ್ಕಿ ಚೀಟಿ ಅಂಟಿಸುವುದನ್ನು ಬಿಟ್ಟು ಫೋನು ನೋಡಿದಳು, ಇವರ ಶರ್ಟು ಅವರಿಗೆ ಕೊಟ್ಟಳು, ಬೈಸಿಕೊಂಡಳು, ಬೈಸಿಕೊಳ್ಳುವಾಗಲೂ ನಗುತ್ತಿದ್ದಳು. ಗೊತ್ತಿಲ್ಲದ ಜನ ತನ್ನ ಹಾಡನ್ನು ಕೊನೆಯವರೆಗೂ ಕೇಳುತ್ತಿದ್ದಾರೆ! ಗೆರೆ ಎಲ್ಲೂ ತುಂಡಾಗಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಒಂದು ಸಲ ಅತ್ತೂ ಬಂದಳು.

ಅತ್ತಿಗೆಯಂತೂ ನೆಲದ ಮೇಲೆ ನಡೆಯುತ್ತಿರಲಿಲ್ಲ. ಬಟ್ಟೆ ಒಯ್ಯಲು ಬಂದವರನ್ನೆಲ್ಲ ಹಿಂದಿನಿಂದಲೇ ಕೂಗಿ ನಿಲ್ಲಿಸುತ್ತಿದ್ದಳು. "ನಮ್ಮ ಹಾಡು ಕೇಳಿದ್ರಾ? ಅದರಲ್ಲಿ ಧಪ್ ಅಂತ ಬರತ್ತಲ್ಲ, ಅದು ನಾನು." ಕೇಳದವರು ಜೋರಾಗಿ ತಲೆಯಾಡಿಸುತ್ತಿದ್ದರು. ಕೇಳಿದವರೊಬ್ಬರು ಮಾತ್ರ, "ಹೌದಾ?" ಎಂದು ಹುಬ್ಬು ಗಂಟಿಕ್ಕಿ ನಿಂತು, ಯಾಕೆ ಸುಮ್ಮನೆ ಎಂದುಕೊಂಡು ಹೋದರು. ದಿನಕ್ಕೆ ನಾಲ್ಕು ಸಲ ಅತ್ತಿಗೆ ಕೌಂಟರಿನ ಫೋನಿನಲ್ಲಿ ಹಾಡು ಹಾಕಿಸುತ್ತಿದ್ದಳು, ಹಾಕಿಸಿ ಪ್ರೆಸ್ಸಿಗೆ ಓಡುತ್ತಿದ್ದಳು. ಅವಳು ಬಿಡುವಾಗಿ ಕೂತು ಕೇಳಿದ್ದೇ ಇಲ್ಲ.

ಲಾಂಡ್ರಿಗೆ ವಾರದ ರಜೆ ಇದ್ದ ದಿನ ಚಿಕ್ಕಿ ತನ್ನ ಕೋಣೆಯಲ್ಲಿ ಮಲಗಿಕೊಂಡೇ ಜನ ಬರೆದದ್ದನ್ನು ಓದುತ್ತಿದ್ದಳು. ‘ಆ ಖಾಲಿ ಜಾಗಗಳು ಎಷ್ಟು ಚೆನ್ನಾಗಿವೆ.’ ‘ಎರಡು ಸಾಲುಗಳ ನಡುವೆ ಬರುವ ಮೌನ ಕೇಳಿ ಕಣ್ಣು ತುಂಬಿತು.’ ‘ಇಷ್ಟು ಧೈರ್ಯವಾಗಿ ಸುಮ್ಮನಿರುವ ಹಾಡು ಈಚೆಗೆ ಕೇಳಿರಲಿಲ್ಲ.’ ಯಾವ ಮೌನ? ಅವಳಿಗೆ ಅರ್ಥವಾಗಲಿಲ್ಲ. ಎರಡೂ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹಾಡು ಹಾಕಿದಳು.

ತೋಳಿದೆ, ಕೈಯಿಲ್ಲ. ಆಮೇಲೆ ಏನೂ ಇಲ್ಲ. ಗುಂಡಿಯಿದೆ, ಎದೆಯಿಲ್ಲ. ಆಮೇಲೆ ಏನೂ ಇಲ್ಲ. ಮತ್ತೆ ಹಾಕಿದಳು, ಬೇರೆ ಇಯರ್‌ಫೋನು ತಂದು ಹಾಕಿದಳು. ಅತ್ತಿಗೆಯನ್ನು ಒಂದು ನೂಲೆಳೆಯೂ ಉಳಿಯದ ಹಾಗೆ ತೊಳೆದು ತೆಗೆದಿದ್ದರು.

ಮೈಕಿನವನ ಅಂಗಡಿಯಲ್ಲಿ ಸ್ಪೀಕರುಗಳು ಮಾಡಿನವರೆಗೆ ಪೇರಿಸಿಕೊಂಡಿದ್ದವು. ಅವನು ಸ್ಟೂಲು ಎಳೆದುಕೊಟ್ಟು, ಹಾಡು ಕೇಳಿ, ತಲೆ ಕೆರೆದುಕೊಂಡ.

"ಮೇಡಂ, ಅದು ಮಷೀನು. ಗಂಟಲು ಗೊತ್ತು, ಗಿಟಾರ್ ಗೊತ್ತು. ಉಳಿದಿದ್ದೆಲ್ಲ ಅದಕ್ಕೆ ಕೊಳೆ. ನೀವು ಓಕೆ ಬೇರೆ ಕೊಟ್ಟಿದ್ದೀರಿ."

"ಬದಲಾಯಿಸ್ಬಹುದಲ್ವಾ? ಮೊದಲಿಂದು ನನ್ನ ಹತ್ರ ಇದೆ."

"ಬದಲಾಯ್ಸೋದು ಅಂತಿಲ್ಲ. ಇದನ್ನ ತೆಗೀಬೇಕು, ಅದನ್ನ ಹೊಸದಾಗಿ ಹಾಕ್ಬೇಕು. ಅದನ್ನ ಅವರು ಮತ್ತೆ ಗದ್ದಲ ಅಂತ ವಾಪಸ್ ಕಳಿಸ್ತಾರೆ. ತೆಗೆದ ಕ್ಷಣ ಪ್ಲೇಲಿಸ್ಟಿಂದ ಹೋಗತ್ತೆ, ಕೇಳಿದೋರ ಲೆಕ್ಕ ಎಲ್ಲ ಸೊನ್ನೆ." ಅವನು ಸ್ವಲ್ಪ ತಡೆದು ಅವಳ ಮುಖ ನೋಡಿದ. "ಒಂದು ಮಾತು ಹೇಳ್ಲಾ? ಬೇಜಾರಾಗ್ಬೇಡಿ. ಹಾಡು ಹೀಗೇ ಚೆನ್ನಾಗಿದೆ."

ಚಿಕ್ಕಿಗೆ ನಿಜವಾಗಿ ನೋವಾದದ್ದು ಈ ಮಾತಿಗೆ, ಯಾಕೆಂದರೆ ಅವಳಿಗೂ ಒಳಗೊಳಗೆ ಹಾಗೇ ಅನ್ನಿಸಿತ್ತು.

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ದಿನ ದೂಡಿದಳು. ಹೇಳಿದರೆ ತೆಗೆಯಬೇಕಾಗುತ್ತದೆ. ತೆಗೆದರೆ ಆ ಜನ ಹೋಗುತ್ತಾರೆ, ಮತ್ತೆ ಸಿಗುವವರಲ್ಲ. ಅಷ್ಟು ವರ್ಷ ಬಾಗಿಲು ತೆರೆದಿಟ್ಟುಕೊಂಡು ಕೂತವಳ ಮನೆಗೆ ಈಗ ತಾನೇ ಜನ ಬಂದಿದ್ದಾರೆ, ಏಳಿ ಹೊರಡಿ ಎನ್ನುವುದಕ್ಕೆ ಯಾರಿಗೆ ಬಾಯಿ ಬರುತ್ತದೆ? ಅವಳನ್ನು ಬೈಯುವ ಮೊದಲು ಒಂದು ಗಳಿಗೆ ಅವಳ ಸ್ಟೂಲಿನಲ್ಲಿ ಕೂತು ನೋಡಬೇಕು. ಅತ್ತಿಗೆ ಇಯರ್‌ಫೋನು ಕೇಳಿದಾಗ, "ಒಂದು ಕಡೆ ಹೋಗಿದೆ ಅತ್ತಿಗೆ, ರಿಪೇರಿಗೆ ಕೊಡ್ಬೇಕು," ಎಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ಪ್ಲೇಲಿಸ್ಟಿನವರಿಂದ ಸಂದೇಶ ಬಂತು. ಇಂಥವೇ ಇನ್ನೂ ಮೂರು ಹಾಡು ಬೇಕು, ಇಷ್ಟೇ ಮೌನ ಇರಲಿ, ಬೇಗ ಕಳಿಸಿ. ಚಿಕ್ಕಿ ಬೆಳಿಗ್ಗೆ ಬೇಗ ಎದ್ದು, ಹೊರಗಿನ ಸದ್ದು ಸೇರದಿರಲೆಂದು ಬಟ್ಟೆ ಬೀರುವಿನ ಬಾಗಿಲು ತೆರೆದು ಅದರೊಳಗೆ ಮುಖ ಮಾಡಿ ಹಾಡತೊಡಗಿದಳು. ಅಂಗಡಿಯಲ್ಲಿ ಅತ್ತಿಗೆ, "ಹೊಸದು ಯಾವಾಗ ಶುರು ಮಾಡೋಣ? ಕಂಬಳಿ ಒಗೆದಿಟ್ಟಿದ್ದೀನಿ," ಎಂದರೆ, "ಟ್ಯೂನು ಇನ್ನೂ ಕೂತಿಲ್ಲ," ಎನ್ನುತ್ತಿದ್ದಳು. ಅದು ಮಾತ್ರ ಸುಳ್ಳಾಗಿರಲಿಲ್ಲ. ಬೀರುವಿನೊಳಗೆ ಯಾವುದೂ ಕೂರುತ್ತಿರಲಿಲ್ಲ.

ಅತ್ತಿಗೆಯ ಅಕ್ಕ ಹೊಸ ಮನೆಗೆ ಹೋಗಿದ್ದಳು. ನೋಡಿ ಬರುತ್ತೇನೆಂದು ಅತ್ತಿಗೆ ರಜೆಯ ದಿನ ಒಬ್ಬಳೇ ಬಸ್ಸು ಹತ್ತಿದಳು. ಹೊರಡುವಾಗ ಒಳ್ಳೆಯ ಸೀರೆ ಉಟ್ಟಿದ್ದಳು, ಚಿಕ್ಕಿಯ ಕೆನ್ನೆ ಹಿಂಡಿ ಹೋಗಿದ್ದಳು. ‘ಅತ್ತಿಗೆ, ಅಲ್ಲಿ ಹಾಡು ಹಾಕಿಸ್ಬೇಡಿ’ ಎಂದು ಚಿಕ್ಕಿ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಬಸ್ಸು ಹೋಯಿತು.

ಮಾರನೆಯ ದಿನ ಪ್ರೆಸ್ಸು ಗತಿ ತಪ್ಪಿತ್ತು. ಧಪ್ ಎಂದ ಮೇಲೆ ಬಹಳ ಹೊತ್ತು ಏನಿಲ್ಲ, ಆಮೇಲೆ ಒಂದರ ಹಿಂದೆ ಒಂದು ಧಪ್ ಧಪ್, ಹಬೆಯೇ ಇಲ್ಲದೆ. ಯಾವ ಹಾಡನ್ನೂ ಅದರ ಮೇಲೆ ಕೂರಿಸಲು ಆಗುತ್ತಿರಲಿಲ್ಲ. ಅಣ್ಣ ಬಟ್ಟೆಯ ಗಂಟು ಇಳಿಸಿ, "ಏನಾಯ್ತೇ ಅವಳಿಗೆ? ನಿನ್ನೆ ಬಂದಾಗಿಂದ ತುಟಿ ಪಿಟಕ್ ಅಂದಿಲ್ಲ," ಎಂದು ಪಿಸುಗುಟ್ಟಿ, ಉತ್ತರಕ್ಕೆ ಕಾಯದೆ ವ್ಯಾನು ಹತ್ತಿದ. ಗಂಡಸರಿಗೆ ವ್ಯಾನು ಇರುವುದು ಎಷ್ಟು ಅನುಕೂಲ.

ಚಿಕ್ಕಿ ಎದ್ದು ಹಿಂದಕ್ಕೆ ಹೋಗಿ ನಿಂತಳು. ಅತ್ತಿಗೆ ತಲೆ ಎತ್ತಲಿಲ್ಲ.

"ಅಕ್ಕನ ಮನೆ ಹಾಲ್ ಎಷ್ಟು ದೊಡ್ಡದಿದೆ ಗೊತ್ತಾ?" ಎಂದಳು, ಶರ್ಟಿನ ಕಾಲರನ್ನು ಬೆರಳಿನಲ್ಲಿ ತೀಡುತ್ತ. "ಸೂಜಿ ಬಿದ್ರೆ ಕೇಳ್ಸತ್ತೆ. ಎಲ್ರನ್ನೂ ಕರೆದು ಕೂರಿಸ್ದೆ. ಭಾವ, ಮಕ್ಕಳು, ಪಕ್ಕದ ಮನೆಯೋರು. ಟಿವಿಯಲ್ಲಿ ಹಾಕ್ಸಿದೆ. ‘ಈಗ ಬರ್ತೀನಿ ನೋಡಿ, ಈಗ ನಾನು ಬರ್ತೀನಿ’ ಅಂತ ಬೆರಳು ಬೇರೆ ಎತ್ತಿದೆ ಕಣೆ."

"ಅತ್ತಿಗೆ..."

"ಬರ್ಲಿಲ್ಲ. ಮುಂದಿನ ಸಾಲಲ್ಲಿ ಬರತ್ತೆ ಅಂದೆ. ಎತ್ತಿದ ಬೆರಳು ಎತ್ತಿದ ಹಾಗೇ ಇತ್ತು. ಹಾಡು ಮುಗೀತು. ಭಾವ ಪಾಪ ಒಳ್ಳೆಯೋರು. ‘ತುಂಬಾ ಚೆನ್ನಾಗಿದೆ, ಇದರಲ್ಲಿ ನಿಂದು ಯಾವುದು?’ ಅಂದ್ರು. ಏನು ಹೇಳ್ಲಿ? ‘ಬಟ್ಟೆ ಒತ್ತಿದ್ದು ನಾನು’ ಅಂದೆ. ಎಲ್ರೂ ನಕ್ರು. ತಮಾಷೆ ಮಾಡ್ದೆ ಅಂದ್ಕೊಂಡ್ರು. ನಾನೂ ನಕ್ಕೆ."

ಚಿಕ್ಕಿಗೆ ಅಳು ಬಂತು. ಅತ್ತಿಗೆಗೆ ಬರಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

"ಕೈತಪ್ಪಿ ಆಯ್ತು ಅತ್ತಿಗೆ. ಅವರು ಶುಚಿ ಮಾಡ್ತೀವಿ ಅಂದ್ರು, ಒತ್ತಿದೆ. ಕೇಳಿದಾಗ ನೀವು ಹಿಂದೆ ಒತ್ತುತ್ತಾ ಇದ್ರಿ, ನನಗೆ ಗೊತ್ತೇ ಆಗ್ಲಿಲ್ಲ."

"ಆಮೇಲಾದ್ರೂ ಗೊತ್ತಾಯ್ತಾ?"

"ಆಯ್ತು."

"ಯಾವಾಗ?"

"ತುಂಬ ದಿನ ಆಯ್ತು."

ಅತ್ತಿಗೆ ಪ್ರೆಸ್ಸಿನ ಹಿಡಿಯನ್ನು ಮೇಲಕ್ಕೆ ಬಿಟ್ಟಳು. "ಕೈತಪ್ಪಿ ಆಗಿದ್ದು ಬಿಡು, ಅದನ್ನ ನಾನು ಹೊಟ್ಟೆಗೆ ಹಾಕ್ಕೊಳ್ತೀನಿ. ಗೊತ್ತಾದ ಮೇಲೂ ಇಟ್ಕೊಂಡ್ಯಲ್ಲ ಚಿಕ್ಕಿ. ಗಿರಾಕಿಗಳಿಗೆಲ್ಲ ನಾನು ‘ಅದು ನಾನು, ಅದು ನಾನು’ ಅಂತಿದ್ದೆ. ನೀನು ಅಲ್ಲೇ ಕೂತು ಕೇಳಿಸ್ಕೊಳ್ತಿದ್ದೆ."

"ತೆಗೀತೀನಿ. ಈಗ್ಲೇ ತೆಗೀತೀನಿ."

"ಬೇಡ." ಅತ್ತಿಗೆ ಇಷ್ಟು ಗಟ್ಟಿಯಾಗಿ ಅವಳ ಜೊತೆ ಎಂದೂ ಮಾತಾಡಿರಲಿಲ್ಲ. "ತೆಗೀಬೇಡ. ಅಷ್ಟು ಜನಕ್ಕೆ ಇಷ್ಟ ಆಗಿದೆ, ನಿನ್ನ ಹಾಡು, ಇರ್ಲಿ. ಇನ್ಮೇಲಿಂದು ನೀನೇ ಮಾಡ್ಕೋ. ನನಗೆ ಕೆಲಸ ಇದೆ."

ಸಂಜೆ ಕಂಬಳಿ ಕಪಾಟಿನಲ್ಲಿ ಇರಲಿಲ್ಲ. ವ್ಯಾನಿನಲ್ಲಿ, ಅಣ್ಣನ ಸೀಟಿನ ಮೇಲೆ ಹಾಸಿತ್ತು.

ಮನೆಯಲ್ಲಿ ಮಾತು ನಿಲ್ಲಲಿಲ್ಲ, ಅಂಥ ಮನೆಯಲ್ಲ ಅದು. ‘ಊಟ ಮಾಡು’, ‘ಆ ನೀಲಿ ಶರ್ಟಿನೋರ ಚೀಟಿ ಎಲ್ಲಿ’, ‘ನಿಮ್ಮಣ್ಣಂಗೆ ಫೋನ್ ಮಾಡು’ ಎಲ್ಲ ಇತ್ತು. ಗೇಲಿ ಮಾತ್ರ ನಿಂತಿತ್ತು. ಗೇಲಿ ಇಲ್ಲದ ಮನೆಯಲ್ಲಿ ಊಟವೂ ಸಪ್ಪಗಾಗುತ್ತದೆ ಎಂಬುದು ಆಗ ಗೊತ್ತಾಯಿತು. ಚಿಕ್ಕಿ ಬೀರುವಿನೊಳಗೆ ಮುಖವಿಟ್ಟು ಒಂದು ಹಾಡನ್ನಾದರೂ ಮುಗಿಸೋಣವೆಂದು ಕೂತಳು. ಹಾಡಿದ್ದನ್ನು ಕೇಳಿಸಿಕೊಂಡಳು. ಒಂದು ಸಾಲು ಮುಗಿಯುವ ಮೊದಲೇ ಇನ್ನೊಂದು ಸಾಲು ಅದರ ಬೆನ್ನೇರಿ ಬರುತ್ತಿತ್ತು. ಬೇಕೆಂದೇ ಬಿಡುವು ಕೊಟ್ಟು ನೋಡಿದಳು. ಮಾತು ಮರೆತವರು ನಿಂತ ಹಾಗೆ ಕೇಳಿಸಿತು, ಜನ ಬರೆದ ಆ ಮೌನದ ಹಾಗೆ ಅಲ್ಲ.

ಅವಳು ಹಾಡನ್ನು ತೆಗೆದದ್ದು ಕೌಂಟರಿನಲ್ಲೇ, ಇಬ್ಬರು ಗಿರಾಕಿಗಳ ನಡುವೆ. ಖಚಿತವೇ ಎಂದು ಫೋನು ಕೇಳಿತು. ಹೌದು ಎಂದಳು. ಹಿಂದಕ್ಕೆ ಪಡೆಯಲಾಗದು, ನಿಜವಾಗಿಯೂ ಖಚಿತವೇ ಎಂದಿತು. ಅಷ್ಟೂ ಜನ ಒಟ್ಟಿಗೆ ಅವಳ ಮುಂದೆ ಬಂದು ನಿಂತ ಹಾಗಾಯಿತು, ಕಣ್ಣು ತುಂಬಿಕೊಂಡ ಆ ಯಾರೋ ಒಬ್ಬರು ಎಲ್ಲರಿಗಿಂತ ಮುಂದೆ. ಕ್ಷಮಿಸಿ ಎಂದು ಮನಸ್ಸಿನಲ್ಲೇ ಅಂದು ಒತ್ತಿದಳು. ಪರದೆಯ ಮೇಲೆ ಉದ್ದನೆಯ ಸಂಖ್ಯೆ ಇದ್ದ ಕಡೆ ಬಿಳಿ ಜಾಗ ಉಳಿಯಿತು. ಪ್ಲೇಲಿಸ್ಟಿನವರಿಗೆ, ಮೂರು ಹಾಡು ಕ್ಷಮಿಸಿ, ಆಗುವುದಿಲ್ಲ ಎಂದು ಬರೆದಳು. ಆಮೇಲೆ ಮೊದಲಿನ ರೆಕಾರ್ಡಿಂಗನ್ನು ಇದ್ದ ಹಾಗೇ ಮೂಲೆ ಅಂಗಡಿಗೆ ಹಾಕಿದಳು. ಅಲ್ಲಿ ಯಾರೂ ಗದ್ದಲ ಎನ್ನಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಯಾಕೆಂದರೆ ಯಾರೂ ಇರಲಿಲ್ಲ.

ಅತ್ತಿಗೆಗೆ ಗೊತ್ತಾದದ್ದು ಗಿರಾಕಿಯೊಬ್ಬರಿಂದ. "ಏನ್ರೀ, ನಿಮ್ಮ ಹಾಡು ಎರಡು ದಿನದಿಂದ ಸಿಗ್ತಾನೇ ಇಲ್ಲ?" ಎಂದು ಅವರು ಕೇಳಿ ಹೋದ ಮೇಲೆ ಪ್ರೆಸ್ಸು ನಿಂತಿತು. ಅತ್ತಿಗೆ ಒದ್ದೆ ಕೈಯಲ್ಲೇ ಮುಂದಕ್ಕೆ ಬಂದಳು.

"ತೆಗೆದ್ಯಾ?"

"ತೆಗೆದೆ."

"ನಾನು ತೆಗಿ ಅಂದ್ನೇನೇ? ಬೇಡ ಅಂತ ಬಾಯಿಬಿಟ್ಟು ಹೇಳಿದ್ನಲ್ಲ! ಅಷ್ಟು ಜನ ಕೇಳ್ತಿದ್ರಲ್ಲೇ ಹುಚ್ಚಿ! ಇಷ್ಟು ವರ್ಷ ಬಾಯಿ ಬಾಯಿ ಬಿಟ್ಕೊಂಡು ಕೂತಿದ್ದೆ, ಬಂದ ಮೇಲೆ ಅಟ್ಟಿಬಿಟ್ಯಾ? ನನ್ನ ಮೇಲಿನ ಕರುಣೆಗೆ?"

"ಕರುಣೆಗಲ್ಲ ಅತ್ತಿಗೆ." ಚಿಕ್ಕಿಯ ದನಿಯೂ ಏರಿತು. "ಪ್ಲೇಲಿಸ್ಟಿನೋರು ಇಂಥವೇ ಇನ್ನೂ ಮೂರು ಹಾಡು ಬೇಕು ಅಂದಿದ್ರು, ಒಂದೂ ಆಗ್ಲಿಲ್ಲ. ಒಬ್ಬಳೇ ಕೂತ್ರೆ ನನಗೆ ಎಲ್ಲಿ ನಿಲ್ಲಬೇಕು ಅಂತಾನೇ ಗೊತ್ತಾಗಲ್ಲ, ಒಂದೇ ಸಮ ಓಡ್ತೀನಿ. ಮೊದಲಿನ ಹಾಡುಗಳನ್ನ ಯಾರೂ ಯಾಕೆ ಕೇಳ್ತಿರ್ಲಿಲ್ಲ ಗೊತ್ತಾಯ್ತಾ? ಜನ ಮೆಚ್ಕೊಂಡ ಆ ಖಾಲಿ ಜಾಗ ಇದೆಯಲ್ಲ, ಅದು ನನ್ನದಲ್ಲ. ಅದು ನೀವು. ನಿಮ್ಮನ್ನ ತೆಗೆದು, ನೀವಿದ್ದ ಜಾಗಕ್ಕೆ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರು. ನಾನು ನನಗೇ ಅಂದ್ರು ಅಂತ ಇಟ್ಕೊಂಡಿದ್ದೆ."

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡಳು, ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಂಡಳು. ಅಣ್ಣ ಆ ಹೊತ್ತಿಗೆ ಗಂಟು ಹೊತ್ತು ಒಳಗೆ ಬಂದವನು ಇಬ್ಬರ ಮುಖ ನೋಡಿ ವಾಪಸು ಹೋಗಲು ನೋಡಿದ. ಅತ್ತಿಗೆ ಬಿಡಲಿಲ್ಲ.

"ಇರಿ ಇಲ್ಲೇ." ಆಮೇಲೆ ಚಿಕ್ಕಿಗೆ, "ಮೊದಲಿಂದು ಎಲ್ಲಿದೆ? ಕೇಳಿಸು."

"ಮೂಲೆ ಅಂಗಡೀಲಿ ಹಾಕಿದ್ದೀನಿ. ಇಲ್ಲಿ ಬೇಡ ಅತ್ತಿಗೆ, ಬಾಯ್ಲರ್ ಸದ್ದು."

ಅತ್ತಿಗೆ ಹಿಂದಕ್ಕೆ ಹೋಗಿ ಬಾಯ್ಲರಿನ ಸ್ವಿಚ್ಚು ಆರಿಸಿದಳು.

"ಏ, ಇನ್ನೂ ಹೋಟೆಲಿನೋರ ಬಟ್ಟೆ ಪೂರ್ತಿ ಇದೆ ಕಣೆ!" ಎಂದ ಅಣ್ಣ.

"ಇರ್ಲಿ. ಷಟರ್ ಇಳಿಸಿ."

ಅವನು ಅರ್ಧ ಇಳಿಸಿದ. ಕೆಲಸದ ಹೊತ್ತಿನಲ್ಲಿ ಆ ಅಂಗಡಿ ಸುಮ್ಮನಾದದ್ದು ಅದೇ ಮೊದಲು. ಪೈಪಿನೊಳಗೆ ಹಬೆ ಸಣ್ಣಗೆ ಕುಸಿಯಿತು, ಆಮೇಲೆ ಅದೂ ಇಲ್ಲ. ಚಿಕ್ಕಿ ಫೋನನ್ನು ಪ್ರೆಸ್ಸಿನ ಹಲಗೆಯ ಮೇಲಿಟ್ಟು ಹಾಡು ಹಾಕಿದಳು. ಮೂವರೂ ಸುತ್ತ ನಿಂತರು. ಧಪ್ ಎಂದಿತು. ಮೆತ್ತಗೆ, ಆಳದಿಂದ. ಅತ್ತಿಗೆ ಬೆಚ್ಚಿ ತನ್ನ ಕೈ ನೋಡಿಕೊಂಡಳು, ಕೈ ಸುಮ್ಮನೇ ಇತ್ತು. ಚಿಕ್ಕಿಯ ಸಾಲು ಮುಗಿದಲ್ಲಿ ಉಸ್ಸೆಂದು ಹಬೆ ಎದ್ದು, ಬೇಕಾದಷ್ಟು ಹೊತ್ತು ಇದ್ದು, ಇಳಿಯಿತು. ಇಷ್ಟು ದಿನ ಅತ್ತಿಗೆ ಹಾಕಿಸಿ ಕೇಳಿದಾಗಲೆಲ್ಲ ಅವಳದೇ ಪ್ರೆಸ್ಸಿನ ಸದ್ದು ಅವಳ ಕಿವಿಯನ್ನು ತುಂಬಿತ್ತು. ತನ್ನನ್ನು ತಾನು ಅವಳು ಕೇಳುತ್ತಿದ್ದದ್ದು ಈಗಲೇ.

ಹಾಡು ಮುಗಿಯಿತು.

"ಇದು ನಾನಾ?" ಎಂದಳು ಅತ್ತಿಗೆ.

"ನೀವೇ."

"ಎರಡನೇ ಚರಣದಲ್ಲಿ ಸ್ವಲ್ಪ ಅವಸರ ಮಾಡಿದ್ದೀನಿ ಅಲ್ವಾ?"

"ಸ್ವಲ್ಪ."

"ಆಗ್ಲೇ ಹೇಳೋದಲ್ವೇನೇ, ಕತ್ತೆ," ಎಂದಳು ಅತ್ತಿಗೆ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಇನ್ನೊಂದ್ಸಲ ಹಾಕು."

ಚಿಕ್ಕಿ ಮತ್ತೆ ಹಾಕಿದಳು. ಅರ್ಧ ಇಳಿಸಿದ ಷಟರಿನ ಕೆಳಗೆ ಯಾರದೋ ಒಂದು ಜೊತೆ ಬೂಟು ಬಂದು ನಿಂತಿತು, ಪಕ್ಕದಲ್ಲಿ ಬಟ್ಟೆಯ ಚೀಲವೊಂದು ನೆಲಕ್ಕಿಳಿಯಿತು. ಒಳಗಿನವರು ಯಾರೂ ಅತ್ತ ಹೋಗಲಿಲ್ಲ. ಬೂಟುಗಳು ಒಮ್ಮೆ ರಸ್ತೆಯ ಕಡೆ ತಿರುಗಿದವು, ಮತ್ತೆ ಅಂಗಡಿಯ ಕಡೆ ತಿರುಗಿ ಹಾಗೇ ನಿಂತವು.